ಮೊಳೆ ಎರಡು ಹಾಳೆ ಹಿಡಿಯಬೇಕು

ಗಾಳಿ ಎದ್ದರೆ ದರ್ಜಿ ಅಕ್ಕ ಹೊಲಿಗೆ ನಿಲ್ಲಿಸಿ ಛಾವಣಿ ನೋಡುತ್ತಿದ್ದಳು. ಹೋದ ಸಲದ ಮಳೆಗಾಳಿಗೆ ಛಾವಣಿಗೆ ಹೆಂಚಿನಂತೆ ಸಾಲುಸಾಲಾಗಿ ಹೊಡೆದಿದ್ದ ಡಾಂಬರು ಶಿಂಗಲ್ ಹಾಳೆಗಳು ಇಸ್ಪೀಟೆಲೆಗಳ ಹಾಗೆ ಹಾರಿಹೋಗಿದ್ದವು. ಹೊಲಿದಿಟ್ಟಿದ್ದ ಮೂವತ್ತು ಜೊತೆ ಶಾಲೆಯ ಸಮವಸ್ತ್ರ ನೆನೆದು ಬೂಷ್ಟು ಹಿಡಿದಿತ್ತು. ಈಗ ಮತ್ತೆ ಮೂವತ್ತು ಜೊತೆ ಮಂಚದ ಮೇಲಿವೆ. ಇವೂ ಹಾಳಾದರೆ ಶಾಲೆಯವರು ಈ ಬಾಗಿಲು ತುಳಿಯುವುದಿಲ್ಲ.

ಗಂಡ ಛಾವಣಿಗೆ ತಾನೇ ಹೊಸ ಹಾಳೆ ಹೊಡೆಯುತ್ತಿದ್ದ. ಎರಡು ಸಾಲು ಮುಗಿದಿತ್ತು. ಪಕ್ಕದ ಮನೆಯ ಚಿಕ್ಕಮ್ಮ ಛಾವಣಿ ಕೆಲಸದವಳು. ಸಡಿಲ ಪೆಟ್ಟಿನ ಸದ್ದು ಕೇಳಿ ತಡೆಯಲಾರದೆ ಏಣಿ ಹತ್ತಿ ಇಣುಕಿದಳು.

"ಅಲ್ಲಪ್ಪಾ, ಮೊಳೆ ಇಷ್ಟು ಮೇಲೆ ಯಾಕೆ ಹೊಡ್ದೆ?"

"ಮೇಲಿದ್ರೆ ನೀರು ತಾಗಲ್ಲ ಅಂತ. ನಂಗೂ ತಲೆ ಇದೆ ಚಿಕ್ಕಮ್ಮಾ."

"ಹೋದ ಸಲಾನೂ ಇದೇ ತಲೆ ಓಡ್ಸಿದ್ದೆ ಅಲ್ವಾ?"

"ಹೋದ ಸಲ ಗಾಳಿ ಜಾಸ್ತಿ ಇತ್ತು."

"ಗಾಳಿ ಎಲ್ಲರ ಮನೆ ಮೇಲೂ ಬೀಸ್ತು. ಹಾರಿದ್ದು ನಿಂದು ಮಾತ್ರ."

ಕೆಳಗೆ ನಿಂತಿದ್ದ ಅಕ್ಕ ಕಿಸಕ್ಕನೆ ನಕ್ಕಳು.

ಚಿಕ್ಕಮ್ಮ ಹಾಳೆಯ ಮೇಲೆ ಬೆರಳಿಟ್ಟಳು. "ಇಲ್ಲಿ ಗೆರೆ ಇದೆ ನೋಡು. ಮೊಳೆ ಇದರ ಮೇಲೇ ಬೀಳ್ಬೇಕು. ಆಗ ಕೆಳಗಿನ ಹಾಳೆಯ ಮೇಲಂಚನ್ನೂ ಅದೇ ಮೊಳೆ ಹಿಡಿಯುತ್ತೆ. ಮುಂದಿನ ಸಾಲು ಮೊಳೆ ಮುಚ್ಚುತ್ತೆ, ನೀರಿನ ಭಯ ಇಲ್ಲ. ಹಾಳೆಗೆ ನಾಲ್ಕು ಮೊಳೆ. ಗಾಳಿ ಜೋರಿರೋ ಕಡೆ ಆರು."

"ಅಂಗಿ ಬಿಟ್ಟು ಮೇಲಿನ ಬಟ್ಟೆಗೆ ಮಾತ್ರ ಹೊಲಿಗೆ ಹಾಕಿ, ಜೇಬು ನಿಲ್ಲಲಿಲ್ಲ ಅಂದ್ರೆ ಹೇಗೆ?" ಎಂದಳು ಅಕ್ಕ.

"ನೀನೂ ಸೇರ್ಕೊಂಡ್ಯಾ?" ಗಂಡ ಸಿಟ್ಟಿನಿಂದ ಗೆರೆಯ ಮೇಲೊಂದು ಮೊಳೆ ಬಡಿದ. ಅದರ ತಲೆ ಹಾಳೆಯೊಳಗೇ ಹೂತುಹೋಯಿತು.

"ಹಾಳೆ ಏನು ತಪ್ಪು ಮಾಡ್ತಪ್ಪಾ, ಹರಿದುಬಿಟ್ಟೆ! ತಲೆ ಹಾಳೆಗೆ ತಾಗಿ ಕೂತ್ರೆ ಸಾಕು. ಒಳಗೆ ಇಳೀಬಾರ್ದು, ಎದ್ದಿರ್ಬಾರ್ದು, ಓರೆ ಆಗ್ಬಾರ್ದು."

ಅವಳೇ ಒಂದು ಹಾಳೆಯನ್ನು ಗೆರೆಯ ಮೇಲೆ ನೇರವಾಗಿ ಹೊಡೆದು, "ಎಳೆದು ನೋಡು" ಎಂದಳು. ಅವನು ಎಳೆದ. ಜಗ್ಗಲಿಲ್ಲ. ತಾನು ಮೇಲೆ ಮೊಳೆ ಹೊಡೆದಿದ್ದ ಹಾಳೆಯನ್ನು ಎಳೆದ. ಮೊಳೆಯ ಬಳಿ ಹರಿದು ಕೈಗೇ ಬಂತು.

ಗಂಡ ಆ ತುಂಡನ್ನು ಪಕ್ಕಕ್ಕಿಟ್ಟು ಮೊಳೆ ಕೀಳುವ ಸಲಾಕೆ ಎತ್ತಿಕೊಂಡ. "ಎರಡು ಸಾಲೂ ಕೀಳ್ತೀನಿ. ಮೊದಲ ಸಾಲು ಮುಗಿಯೋವರೆಗೂ ಇರು ಚಿಕ್ಕಮ್ಮಾ."

ನಾಲ್ಕನೆಯ ದಿನ ಗಾಳಿ ಬೀಸಿತು. ಒಂದು ಹಾಳೆಯೂ ಏಳಲಿಲ್ಲ. ಸಮವಸ್ತ್ರಗಳು ಇಸ್ತ್ರಿಯ ಮಡಿಕೆ ಮುರಿಯದೆ ಶಾಲೆ ಸೇರಿದವು.

ನಿಮ್ಮ ಛಾವಣಿಗೂ ಶಿಂಗಲ್ ಹೊದಿಸುತ್ತಿದ್ದರೆ ಸಾಲು ಮುಚ್ಚುವ ಮೊದಲೇ ನೋಡಿ. ಮೊಳೆ ಗೆರೆಯ ಮೇಲಿದೆಯೇ? ಎರಡೂ ಹಾಳೆ ಹಿಡಿದಿದೆಯೇ? ಕೇಳಲು ನಾಚಬೇಡಿ. ಮುಚ್ಚಿದ ಮೇಲೆ ತಪ್ಪು ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಗಾಳಿ ಮಾತ್ರ ಹುಡುಕಿ ತೆಗೆಯುತ್ತದೆ.