ಕೂಗಿಗೊಂದು ತಲೆ

ನಮ್ಮ ಆಟದಲ್ಲಿ ಕೂಗಾಡಿದವನ ಸೈನಿಕ ಸಾಯುತ್ತಾನೆ. ಒಂದು ಕೂಗಿಗೆ ಒಂದು ತಲೆ. ಈ ನಿಯಮ ಮಾಡಿದವಳು ನನ್ನ ಹೆಂಡತಿ. ಯಾರಿಗಾಗಿ ಮಾಡಿದಳು ಎಂದು ಕೇಳಬೇಕಾಗಿಲ್ಲ. ಒಂದು ಭಾನುವಾರ ನಾನು ಸೋಲುವ ಹಂತಕ್ಕೆ ಬಂದು ಮೇಜನ್ನೇ ಬುಡಮೇಲು ಮಾಡಿದ್ದೆ. ಬೆಟ್ಟ, ಹೊಳೆ, ಕೋಟೆ, ಎರಡೂ ಕಡೆಯ ಪಡೆ ಎಲ್ಲ ನೆಲದ ಪಾಲಾಗಿತ್ತು. ಮಾರನೆಯ ವಾರವೇ ನಿಯಮ ಬಂತು.

ಕೂಗು ಯಾವುದು, ಜೋರು ಮಾತು ಯಾವುದು ಎಂದು ತೀರ್ಮಾನಿಸುವುದಕ್ಕೂ ಅವಳೇ ದಾರಿ ಹುಡುಕಿದಳು. ನನ್ನ ವೆಲ್ಡಿಂಗ್ ಶೆಡ್ಡಿನ ಎದುರಿಗೆ, ರಸ್ತೆಯ ಆಚೆ, ಪಂಕ್ಚರ್ ಅಂಗಡಿಯಿದೆ. ಅವನು ತಲೆ ಎತ್ತಿ ನಮ್ಮ ಕಡೆ ನೋಡಿದರೆ ಅದು ಕೂಗು. ನೋಡದಿದ್ದರೆ ಮಾತು. ಪಾಪ, ತನ್ನ ತಲೆಯಿಂದ ಎಷ್ಟು ಸೈನಿಕರು ಸತ್ತಿದ್ದಾರೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಆಟ ಇಷ್ಟೇ. ಬೆರಳುದ್ದದ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಬೇಕು, ಒಬ್ಬೊಬ್ಬರಿಗೆ ಹನ್ನೆರಡು. ನಿನ್ನ ಸರದಿ ಬಂದಾಗ ಟೇಪು ಹಿಡಿದು ಆರು ಇಂಚು ನಡೆಸಬೇಕು. ಎದುರಾಳಿ ಹತ್ತಿರ ಸಿಕ್ಕರೆ ದಾಳ ಹಾಕಬೇಕು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಅವನು ಸತ್ತ. ಪೇಟೆಯ ಅಂಗಡಿಯಲ್ಲಿ ಇಂಥ ಸೈನಿಕರು ಬಣ್ಣದ ಪೆಟ್ಟಿಗೆಯಲ್ಲಿ ಸಿಗುತ್ತಾರೆ, ಕಣ್ಣಿನ ರೆಪ್ಪೆಯೂ ಕಾಣುವಷ್ಟು ಚೆಂದ. ಒಂದು ಪೆಟ್ಟಿಗೆಯ ಬೆಲೆ ಕೇಳಿ ನಾವು ಪೆಟ್ಟಿಗೆಯ ಮೇಲಿನ ಚಿತ್ರವನ್ನು ಚೆನ್ನಾಗಿ ನೋಡಿಕೊಂಡು ಮನೆಗೆ ಬಂದೆವು. ನೋಡುವುದಕ್ಕೆ ಯಾರೂ ದುಡ್ಡು ಕೇಳಲಿಲ್ಲ.

ನನ್ನ ಪಡೆ ಬೋಲ್ಟುಗಳದು. ಬೋಲ್ಟಿನ ತಲೆಯೇ ಶಿರಸ್ತ್ರಾಣ, ವಾಷರೇ ಗುರಾಣಿ, ಮೊಳೆಯ ತುಂಡೇ ಈಟಿ. ಹೆಂಡತಿ ದರ್ಜಿ, ಅವಳ ಪಡೆ ದಾರದ ಉರುಳೆ ಮತ್ತು ಗುಂಡಿಗಳದು. ನಮ್ಮ ಗೆಳೆಯ ಅಂಚೆಯವನದು ಬಾಟಲಿ ಬಿರಟೆಗಳ ಪಡೆ. ಮೊಟ್ಟೆಯ ಟ್ರೇ ಕವುಚಿಟ್ಟರೆ ಬೆಟ್ಟ, ನೀಲಿ ಲೈನಿಂಗ್ ಬಟ್ಟೆ ಹಾಸಿದರೆ ಹೊಳೆ. ಸೈನಿಕರೆಲ್ಲ ಬೀಳದೆ ನಿಲ್ಲುತ್ತಿದ್ದದ್ದು ಇಂಜೆಕ್ಷನ್ ಬಾಟಲಿಯ ಮುಚ್ಚಳಗಳ ಮೇಲೆ. ಅಂಚೆಯವನು ತಿಂಗಳಿಗೊಂದು ಪೊಟ್ಟಣ ತರುತ್ತಿದ್ದ. ಎಲ್ಲಿಂದ ಎಂದರೆ "ಯಾರೋ ಕೊಟ್ರು ಬಿಡಣ್ಣ" ಎನ್ನುತ್ತಿದ್ದ.

ಆ ಯಾರೋ ನನ್ನ ಅಕ್ಕ ಎಂದು ಗೊತ್ತಾದದ್ದು ಅವಳು ಬರುವ ಹಿಂದಿನ ದಿನ.

"ನರ್ಸಮ್ಮ ನಾಳೆ ಬರ್ತಾರಂತೆ," ಎಂದ ಅಂಚೆಯವನು, ನನ್ನ ಕೈಯ ಸುತ್ತಿಗೆಗೆ ಎಟಕದಷ್ಟು ದೂರ ನಿಂತು. "ಅವರೂ ಒಂದು ಪಡೆ ಮಾಡ್ಕೊಂಡಿದ್ದಾರೆ. ನಿನ್ನ ಜೊತೆನೇ ಆಡ್ತಾರಂತೆ."

ನಾನು ಸುತ್ತಿಗೆ ಕೆಳಗಿಟ್ಟೆ.

ಅಕ್ಕ ನನ್ನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಅವಳು ಕ್ಲಿನಿಕ್ಕಿನಲ್ಲಿ ನರ್ಸು. ದುಡಿದು ಸ್ವಂತ ಮನೆ ಕಟ್ಟಿಸಿಕೊಂಡಳು. ಅದಕ್ಕೆ ಗೇಟು ಮಾಡಿಕೊಟ್ಟವನು ನಾನು. ಬಳ್ಳಿ, ಹೂವು, ಎರಡು ಗಿಳಿ, ಎಲ್ಲ ಅವಳೇ ಕಾಗದದ ಮೇಲೆ ಬರೆದುಕೊಟ್ಟಿದ್ದ ಚಿತ್ರ. ಹೊಸ ಮನೆಗೆ ಹೋದ ದಿನ ಊಟಕ್ಕೆ ಬಂದ ನೆಂಟರೆಲ್ಲರ ಮುಂದೆ ಅವಳು ಗೇಟು ತೆರೆದು, "ಕಿರುಗುಟ್ಟುತ್ತಲ್ಲೋ" ಎಂದಳು. ಅಷ್ಟೇ ಅಂದದ್ದು. ನಾನು ಕೂಗಾಡಿ, ಗೇಟನ್ನು ಕೀಲಿನಿಂದ ಎತ್ತಿ, ಹೆಗಲ ಮೇಲೆ ಹೊತ್ತುಕೊಂಡು ಊಟವನ್ನೂ ಮಾಡದೆ ಮನೆಗೆ ಬಂದುಬಿಟ್ಟೆ.

ನನಗೆ ಇರುವುದು ಒಬ್ಬಳೇ ಅಕ್ಕ. ಅಕ್ಷರ ತಿದ್ದಿಸಿದವಳು ಅವಳು, ತಿದ್ದದಿದ್ದಾಗ ಕಿವಿ ಹಿಂಡಿದವಳೂ ಅವಳೇ. ಎರಡು ವರ್ಷ ಅವಳ ಬೀದಿಯಲ್ಲಿ ಹೋಗುವಾಗ ನಾನು ಆಕಾಶ ನೋಡಿಕೊಂಡು ಹೋಗಿ, ಎರಡು ಸಲ ಚರಂಡಿಗೆ ಬಿದ್ದಿದ್ದೇನೆ.

"ನಾಳೆ ಒಂದೇ ಒಂದು ಸಲ ಕೂಗಿದ್ರೂ ಅತ್ತಿಗೆ ಎದ್ದು ಹೋಗ್ತಾರೆ," ಎಂದಳು ಹೆಂಡತಿ. "ಹೋದ್ರೆ ಮತ್ತೆ ಬರಲ್ಲ. ನೆನಪಿರ್ಲಿ."

"ನನಗೇನು ಗೊತ್ತಿಲ್ವಾ?" ಎಂದೆ.

ಪಂಕ್ಚರ್ ಅಂಗಡಿಯವನು ತಲೆ ಎತ್ತಿ ನೋಡಿದ.

ಇನ್ನೊಂದು ತಾಪತ್ರಯವಿತ್ತು. ನಮ್ಮ ಆಟದ ಮೇಜು ಮೇಜಲ್ಲ. ಎರಡು ಡ್ರಮ್ಮಿನ ಮೇಲೆ ಅಡ್ಡ ಮಲಗಿಸಿದ ಅಕ್ಕನ ಗೇಟು. ಮೇಲೆ ಪ್ಲೈವುಡ್ ಹಲಗೆ. ಮೇಜು ಕೊಳ್ಳಲು ದುಡ್ಡಿಲ್ಲದ ಮನೆಯಲ್ಲಿ ಅಷ್ಟು ಕಬ್ಬಿಣ ಸುಮ್ಮನೆ ಗೋಡೆಗೆ ಒರಗಿ ನಿಂತಿತ್ತು, ನಾನೇನು ಮಾಡಲಿ? ಒಂದು ದಿನದಲ್ಲಿ ಬೇರೆ ಮೇಜು ಎಲ್ಲಿಂದ ತರಲಿ? ಹೆಂಡತಿ ಹಳೆಯ ಪರದೆಯೊಂದನ್ನು ನಾಲ್ಕೂ ಕಡೆ ನೆಲ ಮುಟ್ಟುವಂತೆ ಹೊದಿಸಿದಳು. "ಅವರು ಬಗ್ಗದ ಹಾಗೆ ನೋಡ್ಕೊಳ್ಳಿ" ಎಂದಳು.

ಮಧ್ಯಾಹ್ನ ಎರಡು ಗಂಟೆಗೆ ಅಕ್ಕ ಬಂದಳು. ಕೈಯಲ್ಲಿ ಮಾತ್ರೆ ತುಂಬಿ ಬರುವ ರಟ್ಟಿನ ಡಬ್ಬ. ಕೂದಲು ಸ್ವಲ್ಪ ಬೆಳ್ಳಗಾಗಿತ್ತು, ನಡಿಗೆ ಮಾತ್ರ ಹಾಗೆಯೇ, ಯಾರನ್ನೋ ಬಯ್ಯಲು ಹೊರಟವಳಂತೆ.

"ಏನೋ ನೋಡ್ತಾ ನಿಂತಿದ್ದೀಯ? ಕೂತ್ಕೊಳ್ಳೋಕೆ ಸ್ಟೂಲು ಕೊಡ್ತೀಯೋ, ಇಲ್ಲ ಅದನ್ನೂ ಹೊತ್ಕೊಂಡು ಹೋಗ್ತೀಯೋ?"

ನಾನು ಸ್ಟೂಲು ಕೊಟ್ಟೆ. ಒರೆಸಿಯೇ ಕೊಟ್ಟೆ.

"ಮುಚ್ಚಳ ನನ್ನವು, ಏನು ಮಾಡ್ಕೊಂಡಿದ್ದೀರಾ ಅಂತ ನೋಡೋಕೆ ಬಂದೆ. ನಿನಗೋಸ್ಕರ ಅಲ್ಲ."

"ಸರಿ ಅಕ್ಕ."

"ಒಂದಾಟ ಆಡ್ತೀನಿ. ಮುಗಿದ ತಕ್ಷಣ ಹೊರಡ್ತೀನಿ."

"ಸರಿ ಅಕ್ಕ."

ಅವಳು ಹೆಂಡತಿಯ ಕಡೆ ತಿರುಗಿದಳು. "ಇವನಿಗೆ ಹುಷಾರಿಲ್ವೇನಮ್ಮ?"

ಡಬ್ಬ ತೆರೆದಳು. ಅಯ್ಯೋ, ಏನು ಪಡೆ ಅದು! ಸೂಜಿಯ ಮೇಲಿನ ಪ್ಲಾಸ್ಟಿಕ್ ಟೊಪ್ಪಿಗಳೇ ಮೈ, ಹಸಿರು, ನೀಲಿ, ಗುಲಾಬಿ. ಹತ್ತಿಯ ಗಡ್ಡ. ಕಿವಿ ಒರೆಸುವ ಕಡ್ಡಿಯ ಗದೆ. ಪ್ರತಿಯೊಬ್ಬನ ಸೊಂಟಕ್ಕೂ ಬ್ಯಾಂಡೇಜಿನ ಪಟ್ಟಿ. ದಳಪತಿ ಮೂಗಿಗೆ ಮದ್ದು ಬಿಡುವ ಡ್ರಾಪರು, ಅದರ ಕೆಂಪು ರಬ್ಬರೇ ಪೇಟ. ಅದನ್ನು ಒತ್ತಿದರೆ ಪುಸ್ ಎಂದು ಗಾಳಿ ಬಿಡುತ್ತಿದ್ದ. ಅಂಚೆಯವನು ನಾಲ್ಕು ಸಲ ಒತ್ತಿ ನೋಡಿದ. ನಾನು ಎರಡು ಸಲ.

"ನಿನ್ನವು ಏನು, ಬೋಲ್ಟಾ? ತುಕ್ಕು ಹಿಡಿದಿದೆ. ಟಿಟಿ ಇಂಜೆಕ್ಷನ್ ಕೊಡಬೇಕು ಇವಕ್ಕೆ," ಎಂದಳು ಅಕ್ಕ.

ಆಟ ಶುರುವಾಯಿತು. ಅಂಚೆಯವನು ತೀರ್ಪುಗಾರ. ಅಕ್ಕ ಮೊದಲ ನಡೆಗೇ ಟೇಪನ್ನು ಬೆಟ್ಟದ ಹಿಂದಿನಿಂದ ಸುತ್ತಿಸಿ ಆರು ಇಂಚಿನಲ್ಲಿ ಎಂಟು ಇಂಚು ನಡೆದಳು. ಬಾಯಿಗೆ ಬಂದ ಕೂಗನ್ನು ನುಂಗಿದೆ. ಎರಡನೆಯ ನಡೆಗೆ ಹೊಳೆಯನ್ನು ಬೆರಳಿನಿಂದ ಆಚೆ ತಳ್ಳಿ, "ಬೇಸಿಗೆ, ನೀರು ಕಡಿಮೆ" ಎಂದಳು. ಅದನ್ನೂ ನುಂಗಿದೆ. ಮುಖ ಬಿಸಿಯಾಗಿ, ಕಿವಿಯಿಂದ ಹೊಗೆ ಬರುವುದೊಂದು ಬಾಕಿ. ಹೆಂಡತಿ ಹಿಂದಿನಿಂದ ನನ್ನ ಅಂಗಿ ಹಿಡಿದುಕೊಂಡಿದ್ದಳು, ಕಟ್ಟಿಹಾಕಿದ ಹೋರಿಯನ್ನು ಹಿಡಿದಂತೆ.

ಆದರೆ ನನ್ನ ನಿಜವಾದ ಭಯ ದಾಳದ್ದು. ಅಕ್ಕ ದಾಳವನ್ನು ಹಾಕುವುದಿಲ್ಲ, ಎಸೆಯುತ್ತಾಳೆ. ಪ್ರತಿ ಸಲವೂ ಅದು ಕುಣಿದು ಅಂಚಿಗೆ ಬರುತ್ತಿತ್ತು. ನಾನು ಕೈ ಅಡ್ಡ ಹಿಡಿಯುತ್ತಿದ್ದೆ.

"ಬಟ್ಟಲಲ್ಲಿ ಹಾಕಕ್ಕ."

"ಯಾಕೆ, ಮಜ್ಜಿಗೆ ಹಾಕ್ತಿದ್ದೀನಾ?"

ಅಷ್ಟರಲ್ಲಿ ನಮ್ಮ ಪಡೆಗಳು ಎದುರುಬದುರಾದವು. ನಾನು ಒಬ್ಬ ಗುಲಾಬಿಯವನನ್ನು ಹೊಡೆದೆ. ಅವಳು ನನ್ನ ಇಬ್ಬರನ್ನು ಕೆಡವಿ ಖುಷಿಯಲ್ಲಿ ಮೂರನೆಯವನಿಗೆ ದಾಳ ಎಸೆದಳು. ಅದು ಬೆಟ್ಟಕ್ಕೆ ಬಡಿದು, ನನ್ನ ಬೆರಳ ಸಂದಿನಿಂದ ನುಸುಳಿ, ಟಣ್ ಎಂದು ನೆಲಕ್ಕೆ ಬಿದ್ದು ಪರದೆಯ ಒಳಗೆ ಹೋಯಿತು.

"ನಾನು ತೆಗಿತೀನಿ!" ಎಂದು ನಾವು ಮೂವರೂ ಒಟ್ಟಿಗೆ ಎಂದೆವು. ಅಷ್ಟು ಹೊತ್ತಿಗೆ ಅಕ್ಕನ ತಲೆ ಪರದೆಯ ಒಳಗಿತ್ತು.

ಆಮೇಲೆ ಪರದೆಯ ಒಳಗಿನಿಂದ ಬಂತು ನೋಡಿ:

"ನನ್ನ ಗಿಳಿ!"

ಪಂಕ್ಚರ್ ಅಂಗಡಿಯವನು ತಲೆ ಎತ್ತಿದ. ಅಂಚೆಯವನು ಅಕ್ಕನ ಒಬ್ಬ ಸೈನಿಕನನ್ನು ಎತ್ತಿಟ್ಟ. ನಿಯಮ ಎಂದರೆ ನಿಯಮ.

ಅಕ್ಕ ಹೊರಗೆ ಬಂದಳು. "ನನ್ನ ಗೇಟು! ಇದರ ಮೇಲೆ ಆಟ ಆಡ್ತಿದ್ದೀರಾ ನೀವು!" ಇನ್ನೊಬ್ಬ ಹೋದ. "ಎರಡು ವರ್ಷ ಗೇಟಿನ ಜಾಗಕ್ಕೆ ಹಗ್ಗ ಕಟ್ಕೊಂಡಿದ್ದೀನಿ! ಬೀದಿ ದನ ಎಲ್ಲ ನಮ್ಮಂಗಳದಲ್ಲೇ!" ಇನ್ನೊಬ್ಬ. "ಏನಯ್ಯಾ ಅದು, ನನ್ನ ಸೈನಿಕನ್ನ ಯಾಕೆ ತೆಗಿತೀಯಾ!"

"ಕೂಗಿದ್ರಲ್ಲ ನರ್ಸಮ್ಮ, ಕೂಗಿಗೊಂದು ತಲೆ."

"ನಾನೆಲ್ಲಿ ಕೂಗಿದೆ!"

ಇನ್ನೊಬ್ಬ ಹೋದ.

ಅವಳು ನಿಲ್ಲಿಸಲಿಲ್ಲ. ನಮ್ಮ ವಂಶದಲ್ಲಿ ಯಾರಿಗೂ ನಿಲ್ಲಿಸಲು ಬರುವುದಿಲ್ಲ. ಒಂದೊಂದು ಮಾತಿಗೂ ಹಸಿರು, ನೀಲಿ, ಗುಲಾಬಿ ಟೊಪ್ಪಿಗಳು ಮೇಜಿನಿಂದ ಡಬ್ಬಕ್ಕೆ ಇಳಿಯುತ್ತಾ ಹೋದವು. ಕೊನೆಗೆ ಉಳಿದದ್ದು ಕೆಂಪು ಪೇಟದ ದಳಪತಿಯೊಬ್ಬ. ಎದುರಿಗೆ ನನ್ನ ಹತ್ತು ಬೋಲ್ಟುಗಳು.

ಅಕ್ಕ ಮೇಜು ನೋಡಿದಳು. ದನಿ ತಗ್ಗಿತು. "ಆಯ್ತು ಬಿಡು. ಸೋತೆ," ಎಂದು ಡಬ್ಬ ಮುಚ್ಚಿ ಎದ್ದಳು. "ಬರ್ತೀನಮ್ಮ" ಎಂದಳು ನನ್ನ ಹೆಂಡತಿಗೆ. ನನ್ನ ಕಡೆ ನೋಡಲಿಲ್ಲ.

ನಾನು ಈ ಆಟದಲ್ಲಿ ಅಲ್ಲಿಯವರೆಗೆ ಒಂದು ಸಲವೂ ಗೆದ್ದಿರಲಿಲ್ಲ. ಗೆಲುವು ಎಂದರೆ ಹೀಗಿರುತ್ತದೆ ಎಂದು ಗೊತ್ತಿದ್ದರೆ ಆಡುತ್ತಲೇ ಇರಲಿಲ್ಲ. ಇಡೀ ಮಧ್ಯಾಹ್ನ ಬಾಯಿ ಕಟ್ಟಿಕೊಂಡು ಕೂತದ್ದು ಅಕ್ಕನನ್ನು ಹೊರಗೆ ಕಳಿಸುವುದಕ್ಕಾ? ನುಂಗಿದ್ದೆಲ್ಲ ಒಟ್ಟಿಗೆ ಮೇಲೆ ಬಂತು.

"ಕೂತ್ಕೋ!" ಎಂದು ಕೂಗಿದೆ. ತಗಡಿನ ಛಾವಣಿ ನಡುಗಿತು. ಅಂಗಿ ಹೆಂಡತಿಯ ಕೈ ತಪ್ಪಿತು.

ಅಂಚೆಯವನು ನನ್ನ ಬೋಲ್ಟೊಂದನ್ನು ಎತ್ತಿದ.

"ಕಿರುಗುಟ್ತಿತ್ತು! ಗೇಟು ಕಿರುಗುಟ್ತಿತ್ತು!" ಎರಡು ಬೋಲ್ಟು. "ಕೀಲು ಓರೆಯಾಗಿ ಬೆಸೆದಿದ್ದೆ! ನಿಲ್ಲಿಸೋವಾಗಲೇ ನನಗೆ ಗೊತ್ತಿತ್ತು!" ಇನ್ನೆರಡು. "ನೀನು ಅಂದಿದ್ದು ಸರಿ, ಅದಕ್ಕೇ ಸಿಟ್ಟು ಬಂತು!"

ಅಕ್ಕ ಬಾಗಿಲಲ್ಲಿ ನಿಂತಳು.

"ಹೊತ್ಕೊಂಡು ಬರೋವಾಗ ಮೂರು ಕಡೆ ಇಳಿಸಿ ಕೂತೆ! ಹಿಂದೆ ಬರ್ತೀಯೇನೋ ಅಂತ ನೋಡ್ದೆ! ನೀನು ಬರ್ಲಿಲ್ಲ!"

"ಬಂದಿದ್ದೆ ಕಣೋ!" ಅಕ್ಕ ಅಲ್ಲಿಂದಲೇ ಕಿರುಚಿದಳು. ಅವಳ ದಳಪತಿ ಪುಸ್ ಎಂದು ಉಸಿರು ಬಿಟ್ಟು ಮೇಜಿನಿಂದ ಹೋದ. "ಮೂಲೆ ತನಕ ಓಡಿ ಬಂದಿದ್ದೆ! ಚಪ್ಪಲಿ ಕಿತ್ತುಹೋಯ್ತು!"

"ಕರೀಬೇಕಿತ್ತು!"

"ಕರೆದೆ! ನಿನ್ನ ತಲೆ ಗಿಳಿಗಳ ಮಧ್ಯೆ ಸಿಕ್ಕಿಕೊಂಡಿತ್ತು, ಎಲ್ಲಿ ಕೇಳಿಸ್ಬೇಕು!"

"ನರ್ಸಮ್ಮ, ನಿಮ್ಮ ಕಡೆ ಯಾರೂ ಉಳಿದಿಲ್ಲ, ಇನ್ನು ಕೂಗೋ ಹಾಗಿಲ್ಲ," ಎಂದ ಅಂಚೆಯವನು.

"ಸುಮ್ನಿರಯ್ಯಾ!" ಎಂದೆವು ನಾವಿಬ್ಬರೂ. ಅದಕ್ಕೂ ನನ್ನ ಒಂದು ಬೋಲ್ಟು ಹೋಯಿತು.

ಆಗ ಅಂಚೆಯವನಿಗೆ ಕಷ್ಟಕ್ಕಿಟ್ಟುಕೊಂಡಿತು. ಪಂಕ್ಚರ್ ಅಂಗಡಿಯವನು ತಲೆ ಇಳಿಸುತ್ತಲೇ ಇರಲಿಲ್ಲ. ಇಳಿಸದೆ ಎತ್ತುವುದು ಹೇಗೆ? ಸ್ವಲ್ಪ ಹೊತ್ತಿಗೆ ಅವನು ಕೈಯಲ್ಲಿ ಒದ್ದೆ ಟ್ಯೂಬು ಹಿಡಿದುಕೊಂಡೇ ರಸ್ತೆ ದಾಟಿ ನಮ್ಮ ಬಾಗಿಲಿಗೆ ಬಂದ.

"ಒಳ್ಳೇದಾಯ್ತು, ನೀನೇ ಹೇಳಪ್ಪಾ," ಎಂದ ಅಂಚೆಯವನು. "ಇವರು ಈಗ ಮಾತಾಡಿದ್ದು ಕೂಗಾ, ಮಾತಾ?"

"ಕೂಗೇ ಸಾರ್," ಎಂದ ಅವನು. "ಸ್ಪ್ಯಾನರು ಕೆಳಗೆ ಬಿತ್ತು ನನ್ನ ಕೈಯಿಂದ."

"ನಿನಗೇನಯ್ಯಾ ಗೊತ್ತು!" ಎಂದೆ ನಾನು.

"ಇದೂ ಕೂಗು ಸಾರ್."

ಕೊನೆಯ ಬೋಲ್ಟೂ ಹೋಯಿತು. ಮೇಜಿನ ಮೇಲೆ ಮೊಟ್ಟೆಯ ಟ್ರೇಯ ಬೆಟ್ಟವಿತ್ತು, ಪಕ್ಕಕ್ಕೆ ಸರಿದ ಹೊಳೆಯಿತ್ತು, ಯುದ್ಧ ಮಾಡುವವರು ಯಾರೂ ಇರಲಿಲ್ಲ.

ಮೊದಲು ನಕ್ಕವಳು ಹೆಂಡತಿ. ಬಾಯಿಗೆ ಸೆರಗು ಒತ್ತಿಕೊಂಡಳು, ತಡೆಯಲಿಲ್ಲ. ಆಮೇಲೆ ಅಕ್ಕ. ಅಕ್ಕ ನಗುವಾಗ ಸದ್ದು ಬರುವುದಿಲ್ಲ, ಭುಜ ಮಾತ್ರ ಕುಣಿಯುತ್ತದೆ. ಆ ಭುಜ ಕುಣಿಯುವುದನ್ನು ನೋಡಿ ಎರಡು ವರ್ಷವಾಗಿತ್ತು. ನಾನು ನಗುತ್ತಾ ಡ್ರಮ್ಮಿಗೆ ಒರಗಿದೆ, ಡ್ರಮ್ಮು ಜರುಗಿತು, ಬೆಟ್ಟ ಉರುಳಿತು, ಅದಕ್ಕೂ ಎಲ್ಲರೂ ನಕ್ಕೆವು. ಕಣ್ಣಲ್ಲಿ ನೀರು ಬಂತು.

"ಹಾಗಾದ್ರೆ ಯಾರು ಗೆದ್ರು?" ಎಂದ ಪಂಕ್ಚರ್ ಅಂಗಡಿಯವನು.

"ನಾನು," ಎಂದಳು ಅಕ್ಕ. "ಇವನು ಕೊನೇಲಿ ಕೂಗಿದ."

"ನೀನು ಮೊದಲು ಖಾಲಿಯಾದೆ!"

"ನಾವು ನಿಯಮ ಬರೆದಿಟ್ಟ ಪುಸ್ತಕದಲ್ಲಿ ಇದಕ್ಕೆ ಏನೂ ಇಲ್ಲ," ಎಂದು ಅಂಚೆಯವನು ಹಾಳೆ ತಿರುವಿದ. "ಮತ್ತೆ ಆಡಬೇಕು."

ಅಕ್ಕ ಸ್ಟೂಲನ್ನು ಕಾಲಿನಿಂದ ಹತ್ತಿರ ಎಳೆದುಕೊಂಡು ಕೂತಳು. ಡಬ್ಬ ತೆರೆದು ಒಬ್ಬೊಬ್ಬರನ್ನೇ ನಿಲ್ಲಿಸತೊಡಗಿದಳು. ಗುಲಾಬಿಯವರು ಮುಂದೆ, ಹಸಿರಿನವರು ಬೆಟ್ಟದ ಹಿಂದೆ. ನಡುವೆ ತಲೆ ಎತ್ತದೆ ಕೇಳಿದಳು:

"ಲೋ, ಮುಂದಿನ ಭಾನುವಾರಕ್ಕೆ ನನ್ನ ಪಡೆಗೆ ಕುದುರೆ ಬೇಕು. ಮಾಡಿಕೊಡ್ತೀಯಾ?"

"ಎಷ್ಟು?"

"ಆರು. ನಾಲ್ಕೂ ಕಾಲು ನೆಲಕ್ಕೆ ತಾಗಬೇಕು. ಒಂದು ಓರೆಯಾದ್ರೂ ಈ ಡಬ್ಬದಲ್ಲೇ ನಿನ್ನ ತಲೆಗೆ ಬಾರಿಸ್ತೀನಿ."

ನಾನು ಆಗಲೇ ಮೂಲೆಯಲ್ಲಿ ಕೂತು ಮೊಳೆಯ ಡಬ್ಬಿಯನ್ನು ನೆಲಕ್ಕೆ ಸುರಿದಿದ್ದೆ. ಎರಡಿಂಚಿನದು ಕಾಲಿಗೆ ಸರಿಹೋಗುತ್ತದೆ, ಕುತ್ತಿಗೆಗೆ ಸ್ವಲ್ಪ ಬಾಗಿದ್ದು ಬೇಕು.

"ರೀ," ಎಂದಳು ಹೆಂಡತಿ. "ಆಮೇಲೆ ಹುಡುಕಿ. ಅತ್ತಿಗೆ ಆಗಲೇ ಹೊಳೆ ದಾಟಿಬಿಟ್ರು."

"ಇನ್ನೂ ಶುರುನೇ ಆಗಿಲ್ಲ!" ಎಂದು ನಾನು ಕೂಗಿದೆ.

"ಕೂಗು ಸಾರ್," ಎಂದ ಪಂಕ್ಚರ್ ಅಂಗಡಿಯವನು, ನನ್ನ ಡ್ರಮ್ಮಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂರುತ್ತಾ.