ಅಕ್ಕ ಇನ್ನೂ ಬಂದಿಲ್ಲ

ಶವಪೆಟ್ಟಿಗೆಯ ಗಾಜಿನ ಮೇಲೆ ಯಾರೋ ಅಂಟಿಸಿ ಹೋಗಿದ್ದ ಸ್ಟಿಕ್ಕರನ್ನು ರೆಮಿ ಉಗುರಿನಿಂದ ಕೆರೆಯುತ್ತಿದ್ದಳು. ಅರ್ಧ ಕಿತ್ತು ಬಂತು. ಉಳಿದರ್ಧ, ಒಳಗೆ ಮಲಗಿದ್ದ ತಂಗಿಯ ಗಲ್ಲದ ನೇರಕ್ಕೆ ಕಚ್ಚಿಕೊಂಡು ಕೂತಿತು. ಕರವಸ್ತ್ರ ಒದ್ದೆ ಮಾಡಿ ಉಜ್ಜಿದಳು. ಹತ್ತು ಗಂಟೆಗೆ ಪಾದ್ರಿಗಳು ಬಂದುಬಿಡುತ್ತಾರೆ.

"ಹೋಗ್ಲಿ ಬಿಡೇ," ಎಂದಳು ಪಕ್ಕದ ಮನೆಯ ಮುದುಕಿ ಪುರಿಂಗ್, ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದುತ್ತ. "ಗಾಜಿನ ಮೇಲೆ ಕಣ್ಣೀರು ಬೀಳಬಾರ್ದು ಅಂತಾರೆ. ಸ್ಟಿಕ್ಕರ್ ಬಿದ್ರೆ ದೋಷ ಅಂತ ಯಾರೂ ಹೇಳಿಲ್ಲ."

"ಪಾದ್ರಿಗಳು ನೋಡ್ತಾರೆ."

"ನೋಡ್ಲಿ. ಏನು ಬರ್ದಿರೋದು ಅದು?"

"ಅಲುಲೋದ್. ಇವಳ ಆ ಬ್ಯಾಂಡು."

"ಸೂರಿನ ನೀರು ಬೀಳೋ ದೋಣಿನಾ? ಹಾಡೋರಿಗೆ ಬೇರೆ ಹೆಸರೇ ಸಿಗ್ಲಿಲ್ವಾ!"

ರೆಮಿ ಕಿಟಕಿಯಿಂದ ಹೊರಗೆ ನೋಡಿದಳು. ಬೆಳಗಿನಿಂದ ಅದೆಷ್ಟನೇ ಸಲವೋ. ಓಣಿಯಲ್ಲಿ ಕಪ್ಪಂಗಿಯ ನಲವತ್ತು ಜನ ನಿಂತಿದ್ದರು. ಹೊಟ್ಟೆ ಬಂದ ಗಂಡಸರು, ನರೆಗೂದಲಿಗೆ ಹಸಿರು ಬಣ್ಣ ಹಾಕಿಕೊಂಡ ಒಬ್ಬಳು, ಮೊಣಕೈವರೆಗೆ ಹಚ್ಚೆ ಹಾಕಿಸಿಕೊಂಡು ಮಗುವಿಗೆ ಬಾಟಲಿ ಹಾಲು ಕುಡಿಸುತ್ತಿದ್ದವನೊಬ್ಬ. ಎದುರುಮನೆಯ ಪರದೆ ಸ್ವಲ್ಪವೇ ಸರಿದಿತ್ತು. ಚರ್ಚಿನ ಗಾಯನ ತಂಡವನ್ನು ಮೂವತ್ತೈದು ವರ್ಷ ನಡೆಸಿದವಳು ರೆಮಿ. ತಂಗಿಯನ್ನು ಮರ್ಯಾದೆಯಿಂದ, ಸ್ತೋತ್ರದ ಜೊತೆ ಕಳಿಸಿಕೊಡಬೇಕು, ಗದ್ದಲವಾಗಬಾರದು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಎಡಿತಾ ಎಂದೂ ಗದ್ದಲ ಮಾಡಿದವಳಲ್ಲ. ಬೂಟು ಹೊಲಿಯುವವರ ಊರಾದ ಮರಿಕಿನಾದ ಈ ಓಣಿಯಲ್ಲಿ ಕೂತು ಮೂವತ್ತು ವರ್ಷ ಬೂಟಿನ ಮೇಲ್ಭಾಗ ಹೊಲಿದಳು. ಊರ ಬಾಡಿಗೆ ಗಾಡಿ ಜೀಪ್ನಿಯನ್ನು ನಿಲ್ಲಿಸಿ ಎಂದು ಡ್ರೈವರನಿಗೆ ಕೂಗಿ ಹೇಳಲು ಸಂಕೋಚ; ಬೇರೆ ಯಾರಾದರೂ ಇಳಿಯುವ ತನಕ ಕೂತಿದ್ದು, ಅಲ್ಲಿಂದ ನಡೆದು ಹಿಂದಕ್ಕೆ ಬರುತ್ತಿದ್ದಳು. ಹೋದ ಮಂಗಳವಾರ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟವಳು ಏಳಲಿಲ್ಲ. ಐವತ್ತನಾಲ್ಕು ವಯಸ್ಸು.

ಓಣಿಯಲ್ಲಿ ನಿಂತಿದ್ದ ಬ್ಯಾಂಡಿನ ಅಭಿಮಾನಿಗಳಲ್ಲಿ ಹಿರಿಯವನಾದ ಗನಿ ಚಪ್ಪಲಿ ಬಿಟ್ಟು ಒಳಗೆ ಬಂದ. ಜೀಪ್ನಿ ಓಡಿಸುವವನು, ಟೋಪಿ ಕೈಯಲ್ಲಿತ್ತು.

"ಅಕ್ಕ, ಹಾಡಿನ ವಿಷಯ…"

"ಇಲ್ಲ."

"ಒಂದೇ ಒಂದು. ಶವದ ಗಾಡಿಲಿ ಹೆಂಗೂ ಸ್ಪೀಕರ್ ಇದೆ."

"ಗಾಡಿಯವನಿಗೆ ಸ್ತೋತ್ರ ಕೊಟ್ಟಾಗಿದೆ."

ಗನಿ ತಲೆ ಕೆರೆದುಕೊಂಡ. "ಆಯ್ತು. ಎತ್ತೋವಾಗ ಒಂದು ಮಾತು ಕೂಗ್ಲಾ? ನಮ್ಮಲ್ಲಿ ಪದ್ಧತಿ. ಅದಿಲ್ದೇ ಕಳ್ಸೋಕೆ ಮನಸ್ಸು ಬರಲ್ಲ."

"ಕೆಟ್ಟ ಮಾತಾ?"

"ಅಯ್ಯೋ, ಪಾದ್ರಿಗಳೂ ಕೂಗಬಹುದು, ಅಂಥ ಮಾತು."

ಪ್ರಾರ್ಥನೆ ಮುಗಿಯಿತು. ಆರು ಜನ ಪೆಟ್ಟಿಗೆಗೆ ಕೈಹಾಕಿದರು. ಬಾಗಿಲಿಗೆ ತಗುಲದಂತೆ ನೋಡಿಕೊಳ್ಳಲು ರೆಮಿ ಎರಡೂ ಕೈ ಚಾಚಿ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದಾಗ, ಓಣಿಯಿಂದ ನಲವತ್ತು ಗಂಟಲು ಒಮ್ಮೆಲೇ ಸಿಡಿಯಿತು:

"ತಡೀರಿ! ನಮ್ಮಕ್ಕ ಇನ್ನೂ ಬಂದಿಲ್ಲ!"

ರೆಮಿಗೆ ರೇಗಿಹೋಯಿತು. ಹೊಸ್ತಿಲ ಮೇಲೇ ತಿರುಗಿ ನಿಂತಳು.

"ಯಾರ್ರೀ ಬಂದಿಲ್ಲ ಅಂದಿದ್ದು? ನಾಲ್ಕು ದಿನದಿಂದ ನಾನಿಲ್ಲೇ ಇದ್ದೀನಿ! ಅವಳ ತುಟಿಗೆ ಬಣ್ಣ ಹಚ್ಚಿದ್ದೂ ನಾನೇ! ಅವಳಿಗೆ ಇನ್ಯಾವ ಅಕ್ಕ?"

ಹಸಿರು ಕೂದಲಿನವಳು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು.

"ಕೋಪ ಮಾಡ್ಕೋಬೇಡಿ," ಗನಿ ಓಡಿ ಬಂದ. "ನಿಮ್ಮನ್ನಲ್ಲ. ಅದು ಕ್ಯಾಸೆಟ್ಟಲ್ಲಿರೋ ಮಾತು. ಅಲುಲೋದ್‌ನೋರು ಜನರ ಮುಂದೆ ಹಾಡಿ ತೆಗೆದ ಒಂದೇ ಕ್ಯಾಸೆಟ್ಟು. ಕೊನೇ ಹಾಡು ಶುರು ಮಾಡ್ಬೇಕು, ಯಾವಳೋ ಒಬ್ಬಳು ಹಿಂಗೆ ಕೂಗ್ತಾಳೆ. ಹಾಡೋನು ನಕ್ಕು, 'ಸರಿ, ಅಕ್ಕನಿಗೆ ಕಾಯೋಣ' ಅಂತ ಒಂದು ನಿಮಿಷ ಪೂರ್ತಿ ಕಾಯ್ತಾನೆ. ಅವತ್ತಿಂದ ಎಲ್ಲಿ ಹಾಡಿದ್ರೂ ಕೊನೇ ಹಾಡಿಗೆ ಮುಂಚೆ ಎಲ್ಲರೂ ಕೂಗೋದು. ಬ್ಯಾಂಡ್ ಒಡೆದುಹೋಯ್ತು, ಕೂಗು ನಿಲ್ಲಲಿಲ್ಲ."

"ಆ ಹೆಂಗಸು ಯಾರು?"

"ಯಾರಿಗೂ ಗೊತ್ತಿಲ್ಲ. ಸೆಬು ದ್ವೀಪದವಳೊಬ್ಬಳು ನಾನೇ ಅಂದಿದ್ಲು. ಕೂಗಿಸಿ ನೋಡಿದ್ವಿ. ಹುಂಜ ಕೂಗಿದ ಹಾಗಿತ್ತು."

ರೆಮಿಯ ಕೈಗಳು ಇನ್ನೂ ಚಾಚಿಕೊಂಡೇ ಇದ್ದವು. "ಎಲ್ಲಿ ಹಾಡಿದ್ದು? ಯಾವಾಗ?"

"ಇಲ್ಲೇ ಅಕ್ಕ, ನಮ್ಮ ಮರಿಕಿನಾ ಕ್ರೀಡಾಂಗಣದಲ್ಲಿ. ತೊಂಬತ್ತಾರು, ಮೇ."

"ಹಾಕು. ಕೇಳ್ಬೇಕು ನಾನು."

ಹೆಗಲು ಕೊಟ್ಟವರು ಪೆಟ್ಟಿಗೆಯನ್ನು ಮತ್ತೆ ಕೆಳಗಿಟ್ಟರು. ಗನಿ ಫೋನನ್ನು ಅವಳ ಕಿವಿಗೆ ಹಿಡಿದ. ಜನಸಾಗರದ ಮೊರೆತ, ಗಿಟಾರಿನ ಗುಂಯ್‌ಗುಡುವಿಕೆ. ಗಾಯನ ತಂಡದಲ್ಲಿ ಯಾರು ಅರ್ಧ ಸ್ವರ ಜಾರಿದರೂ ಹಿಡಿಯುವ ಕಿವಿ ಅವಳದು. ಕೂಗು ಬಂತು: ಚಿಕ್ಕ ವಯಸ್ಸಿನ, ಧೈರ್ಯದ, ಕೊನೆಗೆ ತುಸು ಬಿರಿದ ದನಿ.

ಜೀಪ್ನಿ ನಿಲ್ಲಿಸಲೂ ಕೂಗದವಳ ದನಿ.

*

ಆ ದಿನ ರೆಮಿಯ ಚೀಲದಲ್ಲೂ ಒಂದು ಟಿಕೆಟ್ಟಿತ್ತು. ಒಂದು ವಾರದ ಹೊಲಿಗೆಯ ಕೂಲಿಯಲ್ಲಿ ಎಡಿತಾ ಎರಡು ಟಿಕೆಟ್ ತಂದಿದ್ದಳು. "ಒಂದೇ ಒಂದ್ಸಲ ಬಾ ಅಕ್ಕ. ಕೇಳಿದ್ರೆ ನಿಂಗೇ ಗೊತ್ತಾಗತ್ತೆ. ನೀನು ಕಲಿಸೋ ಹಾಡಿಗಿಂತ ಕಷ್ಟದ ಸ್ವರ ಇದೆ ಅದ್ರಲ್ಲಿ." ಗಾಯನದ ಅಭ್ಯಾಸ ಮುಗಿಸಿ ಬರುತ್ತೇನೆ ಎಂದಿದ್ದಳು ರೆಮಿ. ಬಂದಳು ಕೂಡ. ಗೇಟಿನ ಹತ್ತಿರ ಹರಿದ ಜೀನ್ಸಿನ ಹುಡುಗರ ಸಾಲು, ಬಿಯರಿನ ವಾಸನೆ. ಸಾಲಿನಲ್ಲಿ ನಿಂತಿದ್ದವನೊಬ್ಬ ಅವಳ ಉದ್ದನೆಯ ಲಂಗವನ್ನೂ ಕೈಯಲ್ಲಿದ್ದ ಸ್ತೋತ್ರದ ಪುಸ್ತಕವನ್ನೂ ನೋಡಿ, "ಸಿಸ್ಟರ್, ಚರ್ಚು ಆ ಕಡೆ" ಎಂದ. ಸುತ್ತಲಿನವರೆಲ್ಲ ನಕ್ಕರು. ರೆಮಿ ಆ ಕಡೆಯೇ ನಡೆದುಬಿಟ್ಟಳು.

ಎಡಿತಾ ಮಳೆಯಲ್ಲಿ ನೆನೆದು, ಗಂಟಲು ಕಟ್ಟಿಕೊಂಡು ಮನೆಗೆ ಬಂದಳು.

"ಜ್ವರ ಬಂದಿತ್ತು ಕಣೆ," ಎಂದಳು ರೆಮಿ, ಹೊದಿಕೆಯೊಳಗಿನಿಂದ.

ಎಡಿತಾ ಹಣೆ ಮುಟ್ಟಿ ನೋಡಿದಳು. ಹಣೆ ತಣ್ಣಗಿತ್ತು. ಅಡಿಗೆಮನೆಗೆ ಹೋಗಿ ಶುಂಠಿ ಹಾಕಿ ಅಕ್ಕಿಗಂಜಿ ಕಾಯಿಸಿ ತಂದಳು.

*

"ಇದು ನಮ್ಮ ಎಡಿತಾ," ಎಂದಳು ರೆಮಿ.

ಗನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದಾಗ ಟೋಪಿ ಕೈಜಾರಿತು.

"ಏನಂದ್ರಿ? ಏಯ್, ಬನ್ರೋ ಇಲ್ಲಿ! ಎಡಿತಕ್ಕ ಅಂತೆ! ಕೂಗಿದ್ದು ಎಡಿತಕ್ಕ ಅಂತೆ ಕಣ್ರೋ!"

ಓಣಿಗೆ ಓಣಿಯೇ ಒಳಗೆ ನುಗ್ಗಿತು. ಹಚ್ಚೆಯವನು ಮಗುವನ್ನು ಪುರಿಂಗಳ ಮಡಿಲಿಗೆ ಹಾಕಿ ಪೆಟ್ಟಿಗೆಯ ಪಕ್ಕ ಮಂಡಿಯೂರಿದ. ಹಸಿರು ಕೂದಲಿನವಳು ಅಳುತ್ತಲೇ ಎರಡು ಫೋನುಗಳಲ್ಲಿ ಮಾತಾಡತೊಡಗಿದಳು.

"ಇಪ್ಪತ್ತೇಳು ವರ್ಷ ಪಕ್ಕದಲ್ಲೇ ನಿಂತಿದ್ಲಲ್ಲ!" ಗನಿ ತಲೆ ಚಚ್ಚಿಕೊಂಡ. "ನನ್ನ ಜೀಪ್ನಿಲೇ ಬರ್ತಿದ್ಲು! ಎಲ್ಲರೂ ಕೂಗೋವಾಗ ಇವಳೊಬ್ಬಳು ಕೂಗ್ತಿರ್ಲಿಲ್ಲ. ಗೇಟಿನ ಕಡೆ ತಿರುಗಿ ನೋಡೋಳು. ಯಾಕೆ ಅಂದ್ರೆ ಸುಮ್ನೆ ನಗೋಳು. ಬಾಯ್ಬಿಟ್ಟು ಹೇಳಿದ್ರೆ ಹೆಗಲ ಮೇಲೆ ಹೊತ್ಕೊಂಡು ಕುಣೀತಿದ್ವಿ!"

"ನಂಗೆ ಗೊತ್ತಿತ್ತು," ಎಂದಳು ಎಡಿತಾಳ ಮಗಳು ಅಮಿಹಾನ್ ಮೂಲೆಯಿಂದ. ಎಲ್ಲರೂ ತಿರುಗಿದರು. "ಯಾರಿಗೂ ಹೇಳ್ಬೇಡ ಅಂದಿದ್ಲು ಅಮ್ಮ. ಹೇಳಿದ್ರೆ, ಅಕ್ಕ ಯಾಕೆ ಬರ್ಲಿಲ್ಲ ಅಂತ ಜನ ಕೇಳ್ತಾರಲ್ಲ, ದೊಡ್ಡಮ್ಮ."

ನಲವತ್ತು ಜೊತೆ ಕಣ್ಣು ರೆಮಿಯ ಮೇಲೆ ನೆಟ್ಟವು. ಅವಳು ಯಾವಾಗಲೂ ಹೆದರುತ್ತಿದ್ದದ್ದು ಇದಕ್ಕೇ. ಜ್ವರ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಬಂದಿದ್ದೆ," ಎಂದಳು. "ಗೇಟಿನ ತನಕ. ನಾಚಿಕೆ ಆಯ್ತು. ಹಿಂದಕ್ಕೆ ಹೋದೆ."

ಗನಿ ಬಿದ್ದ ಟೋಪಿ ಎತ್ತಿಕೊಳ್ಳುತ್ತ, "ಅಲ್ಲಕ್ಕ," ಎಂದ, "ದೇಶ ಪೂರ್ತಿ ಗಂಟಲು ಹರ್ಕೊಂಡು ನಿಮ್ಮನ್ನ ಕರೀತಿದ್ರೆ, ನೀವು ಇಲ್ಲೇ ಎರಡು ಬೀದಿ ಆಚೆ ಮಕ್ಕಳಿಗೆ ಸ್ವರ ಹೇಳ್ಕೊಡ್ತಿದ್ರಾ?"

ಮೊದಲು ನಕ್ಕವಳು ಪುರಿಂಗ್. ಆಮೇಲೆ ಮನೆಯೇ ನಕ್ಕಿತು, ಅಳು ನಗೆ ಎಲ್ಲ ಕಲಸಿಹೋಯಿತು. ರೆಮಿಯೂ ನಕ್ಕಳು, ಆಗ ಬಿತ್ತು ಗಾಜಿನ ಮೇಲೆ, ಬೀಳಬಾರದ್ದು.

"ಒರೆಸೇ, ಒರೆಸೇ!" ಎಂದು ಪುರಿಂಗ್ ಕೂಗಿದಳು. ಯಾರೂ ಒರೆಸಲಿಲ್ಲ.

*

ಮೆರವಣಿಗೆ ಸೇತುವೆ ದಾಟುವ ಹೊತ್ತಿಗೆ ನಲವತ್ತು ನೂರಾಗಿತ್ತು. 'ಅಕ್ಕ ಸಿಕ್ಕಿದಳು' ಎಂಬ ಸುದ್ದಿ ಫೋನಿನಿಂದ ಫೋನಿಗೆ ಹಾರಿ, ಕಚೇರಿಯ ಸಮವಸ್ತ್ರದಲ್ಲಿದ್ದವರು, ಹೆಲ್ಮೆಟ್ ತೊಟ್ಟವರು, ಪೇಟೆಯ ಮೀನಿನ ಅಂಗಡಿಯಿಂದ ಹಾಗೇ ಎದ್ದು ಬಂದವಳೊಬ್ಬಳು ಗಾಡಿಯ ಹಿಂದೆ ಸೇರಿಕೊಳ್ಳುತ್ತಲೇ ಇದ್ದರು. ಬಂದಬಂದವರೆಲ್ಲ ರೆಮಿಯ ಕೈ ಹಿಡಿದು, ಹಿರಿಯರಿಗೆ ನಮಸ್ಕರಿಸುವಂತೆ, ಹಣೆಗೆ ಒತ್ತಿಕೊಂಡರು. "ನೀವೇನಾ? ನಿಜವಾಗ್ಲೂ ನೀವೇನಾ ಅಕ್ಕ?" ಅವಳ ಕೈಯಿಂದ ಮೀನಿನ ವಾಸನೆ ಬರತೊಡಗಿತು. ಯಾವ ಕಿಟಕಿಯ ಪರದೆ ಸರಿಯಿತೋ ಅವಳು ನೋಡಲಿಲ್ಲ.

ಗೋಡೆಯಂತೆ ಒಂದರ ಮೇಲೊಂದು ಕಟ್ಟಿದ್ದ ಗೋರಿಗಳ ಎರಡನೇ ಸಾಲಿನಲ್ಲಿ ಎಡಿತಾಳ ಪೆಟ್ಟಿಗೆ ಒಳಗೆ ಸರಿಯಿತು. ಪಾದ್ರಿಗಳು ತೀರ್ಥ ಚಿಮುಕಿಸಿ ಹೊರಟರು. ಗೋರಿಯ ಬಾಯಿ ಮುಚ್ಚುವ ಗಾರೆಯವನು ಸಿಮೆಂಟು ಕಲಸಿ ಸಿದ್ಧನಾಗಿದ್ದ.

"ಆ ಕೊನೇ ಹಾಡು," ಎಂದಳು ರೆಮಿ ಗನಿಗೆ. "ಹಾಡಿ."

ಅವನು ಅವಳ ಮುಖ ನೋಡಿದ. ಆಮೇಲೆ ಗಿಟಾರು ಎಲ್ಲಿಂದಲೋ ಬಂತು. ನೂರು ಜನ ಕಣ್ಣುಮುಚ್ಚಿ, ಮುಷ್ಟಿ ಎತ್ತಿ ಹಾಡಿದರು. ಒಂದೇ ದೀಪದ ಜೀಪ್ನಿಗಾಗಿ ಕಾಯುವವಳ ಹಾಡು. ಒಬ್ಬೊಬ್ಬರದು ಒಂದೊಂದು ಶ್ರುತಿ, ಗಂಡಸರು ಅರ್ಧ ಮಾತ್ರೆ ಮುಂದೆ. ರೆಮಿ ತಡೆದುಕೊಳ್ಳುವಷ್ಟು ತಡೆದುಕೊಂಡಳು. ಎರಡನೇ ಚರಣದಲ್ಲಿ ಜೋರಾಗಿ ಚಪ್ಪಾಳೆ ತಟ್ಟಿದಳು.

"ನಿಲ್ಲಿಸಿ! ಥೂ, ಇದೇನು ಹಾಡೋದಾ, ಹಂದಿ ಕುಯ್ಯೋದಾ? ಇಪ್ಪತ್ತೇಳು ವರ್ಷ ಹಿಂಗೇ ಹಾಡಿದ್ರಾ ಅವಳ ಪಕ್ಕ ನಿಂತು? ಹೆಂಗಸರು ಈ ಕಡೆ. ಗನಿ, ನೀನು ಹಿಂದೆ ಹೋಗು, ನಿಂದು ತಗ್ಗು ದನಿ. ಅಮಿಹಾನ್, ಮಾತು ನಂಗೆ ಗೊತ್ತಿಲ್ಲ, ಕಿವೀಲಿ ಹೇಳ್ತಾ ಹೋಗು."

"ಅಮ್ಮಾ," ಎಂದ ಗಾರೆಯವನು, "ಸಿಮೆಂಟು ಗಟ್ಟಿಯಾಗುತ್ತೆ."

"ಇನ್ನೊಂದ್ಸಲ ಕಲಸ್ಕೊಳಪ್ಪ."

ಎರಡೂ ಕೈ ಎತ್ತಿದಳು. ನೂರು ಜನರ ಉಸಿರು ಅವಳ ಬೆರಳ ತುದಿಯಲ್ಲಿ ನಿಂತಿತು. ನಡುವೆ ಒಂದು ಸ್ವರವಿತ್ತು, ಏಣಿ ಸಾಲದೆ ತಾರಸಿ ಹತ್ತಬೇಕಾದಂಥದ್ದು. ಮೊದಲ ಸಲ ಯಾರೂ ಮುಟ್ಟಲಿಲ್ಲ. "ಮೊದಲಿಂದ," ಎಂದಳು. ಎರಡನೇ ಸಲ ಹಸಿರು ಕೂದಲಿನವಳು ಮುಟ್ಟಿದಳು. "ಎಲ್ಲರೂ ಮುಟ್ಟಬೇಕು. ಮೊದಲಿಂದ."

ಮೂರನೇ ಸಲ ಹಾಡು ಎತ್ತಿಕೊಂಡಾಗ ಗಾರೆಯವನು ಟೋಪಿ ತೆಗೆದು ಮರಳಿನ ಗುಡ್ಡೆಯ ಮೇಲೆ ಕೂತುಬಿಟ್ಟ. ಅವನ ಬಕೆಟ್ಟಿನಲ್ಲಿ ಕರಣೆ, ಯಾರೂ ಹಿಡಿಯದೆ, ಹಿಡಿ ಮೇಲಾಗಿ ನೆಟ್ಟಗೆ ನಿಂತಿತ್ತು.