ಎರಡನೆಯ ಗುಂಡು

ಆ ಶನಿವಾರ ಬೆಳಿಗ್ಗೆ ಸ್ವೀಡನ್ನಿನ ಟ್ರೋಲ್‌ಹೆಟ್ಟನ್ ಊರಿನ ಮೇಲೆ ಮಂಜು ಕವಿದಿತ್ತು. ನದಿಯಿಂದೆದ್ದ ಮಂಜು ಕಾರ್ಖಾನೆಗಳ ಛಾವಣಿ ದಾಟಿ, ಹಳದಿಗೆ ತಿರುಗಿದ ಬರ್ಚ್ ಮರಗಳ ನಡುವೆ ಬಂದು, ಇನ್ನೆಲ್ಲಿಗೂ ಹೋಗಲು ಮನಸ್ಸಿಲ್ಲದಂತೆ ನಿಂತುಬಿಟ್ಟಿತ್ತು. ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿತ್ತು. ಎಲೆಯೊಂದು ಉದುರಿದರೂ ಕೇಳುವಷ್ಟು ಮೌನ.

ಊರಾಚೆಯ ಗುಂಡು ಅಭ್ಯಾಸದ ಮೈದಾನಕ್ಕೆ ಗೋಪೀನಾಥ ಕಾರು ಓಡಿಸುತ್ತಿದ್ದ. ಪಕ್ಕದಲ್ಲಿ ಪಾವನಾ. ಇಬ್ಬರೂ ಒಂದೇ ಎಂಜಿನ್ ಕಾರ್ಖಾನೆಯವರು. ಅವನು ಬೆಂಗಳೂರಿನವನು, ಅವಳು ಕೊಡಗಿನ ಹುಡುಗಿ. ಅವಳಿಗೆ ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಇನ್ನೂ ಸಿಕ್ಕಿರಲಿಲ್ಲ; ಬೇಟೆಯ ಪರೀಕ್ಷೆ ಪಾಸಾಗಿ ಕೋವಿಯ ಲೈಸೆನ್ಸ್ ಮಾತ್ರ ಸಿಕ್ಕಿತ್ತು.

"ಬೆಳ್ಳುಳ್ಳಿನೂ ತಿನ್ನದ ಮನೆಯವನು ನಾನು. ಡಿಕ್ಕಿಯಲ್ಲಿ ಕೋವಿ ಇಟ್ಕೊಂಡು ತಿರುಗ್ತಿದೀನಿ ಅಂತ ನಮ್ಮಮ್ಮಂಗೆ ಗೊತ್ತಾದ್ರೆ ಕಾರಿಗೆ ಪಂಚಗವ್ಯ ಹಾಕಿಸ್ತಾರೆ."

"ಕಾರಿಗೆ ಯಾಕೆ ಗೋಪಣ್ಣ, ನಿಮಗೇ ಕುಡಿಸ್ತಾರೆ."

"ಅಲ್ಲ ಕಣಮ್ಮ, ಬೈಕಿನ ಸೈಲೆನ್ಸರ್ ಕಿತ್ತು ಸದ್ದು ಮಾಡ್ಕೊಂಡು ಓಡಾಡೋ ಊರಿಂದ ಬಂದು, ಇಲ್ಲಿ ಕೋವಿಗೆ ಸೈಲೆನ್ಸರ್ ಹುಡುಕ್ತಿದೀವಲ್ಲ."

"ಅಪ್ಪನ ಆರ್ಡರ್."

ಅದು ನಿಜ. ಅವಳ ಅಪ್ಪ ಕುಶಾಲಪ್ಪನವರಿಗೆ ಅರವತ್ತು ವರ್ಷ ಕೋವಿಯ ಸಹವಾಸ. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯಲ್ಲಿ ಹಗಲೂ ಇರುಳೂ ಜೀರುಂಡೆ ಕೂಗುತ್ತಿತ್ತು. ವಿಡಿಯೋ ಕಾಲ್ ಮಾಡಿದರೆ ಮಗಳ ಮುಖ ನೋಡುತ್ತಾ ಕೂರುವರು. ಅವಳು ಏನೇ ಕೇಳಿದರೂ "ಹೂಂ, ಊಟ ಆಯ್ತು" ಎನ್ನುವರು. ಸದ್ದಡಗಿಸುವ ಕೊಳವೆಯ ಚಿತ್ರವನ್ನು ಅವಳು ತೋರಿಸಿದಾಗ ಮೊದಲು ನಕ್ಕರು. ಸದ್ದೇ ಇಲ್ಲದ ಮೇಲೆ ಅದೆಂಥ ಕೋವಿ? ಆಮೇಲೆ ತಮ್ಮ ಕಿವಿ ಮುಟ್ಟಿ ತೋರಿಸಿ, "ತಗೋ. ನನ್ನ ಹಾಗಾಗ್ಬೇಡ" ಎಂದರು.

ಮೈದಾನದಲ್ಲಿ ಬೇಟೆ ತಂಡದ ಮುಖ್ಯಸ್ಥೆ ಬಿರ್ಗಿಟ್ಟಾ ಕಾಯುತ್ತಿದ್ದಳು. ಎಪ್ಪತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಅವಳು ಮೇಜಿನ ಮೇಲೆ ಎರಡು ಸೈಲೆನ್ಸರ್ ಇಟ್ಟಿದ್ದಳು, ಒಂದು ಉದ್ದ, ಇನ್ನೊಂದು ಗಿಡ್ಡ.

"ಗಿಡ್ಡದು ಹಗುರ, ಪೊದೆಯಲ್ಲಿ ಸಿಕ್ಕಿಕೊಳ್ಳೋದಿಲ್ಲ. ಉದ್ದದ್ದು ಕಿವಿಗೆ ಒಳ್ಳೆಯದು, ಆದರೆ ಸಂಜೆಯ ಹೊತ್ತಿಗೆ ಕೈ ನೋಯುತ್ತೆ. ಎರಡೂ ಹಾಕಿ ನೋಡು. ತೆಗೆದು ಮಾತ್ರ ಹೊಡೀಬೇಡ."

ಅದು ಅಲ್ಲಿನ ನಿಯಮ. ಸುತ್ತ ಮನೆಗಳೆದ್ದ ಮೇಲೆ ದೂರುಗಳು ಹೆಚ್ಚಿ, ಶನಿವಾರ ಸೈಲೆನ್ಸರ್ ಇಲ್ಲದ ಕೋವಿ ಅಲ್ಲಿ ಸದ್ದು ಮಾಡುವಂತಿರಲಿಲ್ಲ. ಇನ್ನೊಂದು ದೂರು ಬಂದರೆ ಮೈದಾನ ಮುಚ್ಚುವ ಮಾತೂ ಇತ್ತು.

ಪಾವನಾ ನಳಿಗೆಯ ತುದಿಗೆ ಗಿಡ್ಡದನ್ನು ತಿರುಗಿಸಿ ನಾಲ್ಕು ಗುಂಡು ಹೊಡೆದಳು. ಉದ್ದದ್ದಕ್ಕೆ ಇನ್ನು ನಾಲ್ಕು. ತಂದ ಹತ್ತು ತೋಟೆಗಳಲ್ಲಿ ಎರಡು ಉಳಿದವು. ಗೋಪೀನಾಥ ಹಿಂದೆ ಬೆಂಚಿನಲ್ಲಿ ಕೂತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದ.

ಫೋನು ಬಂದದ್ದು ಆಗ. ದೊಡ್ಡಪ್ಪನ ಮಗ ಸೋಮಯ್ಯ. ಊರಿನಲ್ಲಿ ಆಗಲೇ ಮಧ್ಯಾಹ್ನ ದಾಟಿತ್ತು; ಅಪ್ಪ ಊಟ ಮಾಡಿ ಒರಗಿದವರು ಏಳಲಿಲ್ಲ.

ಬರುತ್ತೀಯಾ, ಕಾಯಲೇ ಎಂದು ಅಣ್ಣ ಕೇಳಿದ. ವರ್ಕ್ ಪರ್ಮಿಟ್ ನವೀಕರಣಕ್ಕೆ ಹಾಕಿ ಹತ್ತು ತಿಂಗಳಾಗಿತ್ತು. ಉತ್ತರ ಬರುವ ಮೊದಲು ದೇಶ ಬಿಟ್ಟರೆ ಮರಳಿ ಒಳಗೆ ಬರುವಂತಿಲ್ಲ. ಅಪ್ಪನ ಆಸ್ಪತ್ರೆಯ ಸಾಲವೆಲ್ಲ ಈ ಕೆಲಸದ ಮೇಲೆಯೇ ನಿಂತಿತ್ತು. "ಕಾಯ್ಬೇಡ" ಎಂದಳು.

ಕೊಡಗಿನ ಮನೆಗಳಲ್ಲಿ ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಸಾವಾದರೆ ಎರಡು. ಗುಡ್ಡದಾಚೆಯ ಮನೆಯವರು ಎಣಿಸುತ್ತಾರೆ. ಎರಡನೆಯದು ಕೇಳಿದರೆ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಹೊರಡುತ್ತಾರೆ. ಅವಳ ಅವ್ವ ತೀರಿದಾಗ ಪಾವನಾಗೆ ಹದಿನಾಲ್ಕು. ಗಂಡುಮಕ್ಕಳಿಲ್ಲದ ಮನೆ. ಗಂಡಸರು ಮುಂದೆ ಬಂದರೂ ಅಪ್ಪ ಕೋವಿಯನ್ನು ಅವಳ ಕೈಗೇ ಕೊಟ್ಟಿದ್ದರು. "ನನಗೂ ನೀನೇ ಹಾರಿಸ್ಬೇಕು" ಎಂದಿದ್ದರು. ಅವಳು ಒಪ್ಪಿದ್ದಳು. ಊರಿಗೆ ಸುದ್ದಿ ಮುಟ್ಟಿಸಲು ಈಗ ಸೋಮಯ್ಯ ಹಾರಿಸಿಯಾನು. ಆದರೆ ಅಪ್ಪನಿಗೆ ಕೊಟ್ಟ ಮಾತು ಅವನದಲ್ಲ.

"ಪಾವನಾ, ಕೂತ್ಕೊಮ್ಮ. ಮನೆಗೆ ಹೋಗೋಣ. ಸರಸ್ವತಿಗೆ ಹೇಳ್ತೀನಿ." ಗೋಪೀನಾಥ ಹೆಂಡತಿಗೆ ಕರೆ ಮಾಡಲು ಫೋನು ತೆಗೆದ.

"ಎರಡು ನಿಮಿಷ ಗೋಪಣ್ಣ."

ಬಿರ್ಗಿಟ್ಟಾ ಗುರಿಹಲಗೆಗೆ ಹೊಸ ಕಾಗದ ತರಲೆಂದು ಗುಡಿಸಲಿನೊಳಗೆ ಹೋಗಿದ್ದಳು. ಪಾವನಾ ಉಳಿದ ಎರಡು ತೋಟೆಗಳನ್ನು ತುಂಬಿದಳು. ಸದ್ದು ತಡೆಯಲು ಹಾಕಿ, ಫೋನಿಗಾಗಿ ಕೊರಳಿಗೆ ಸರಿಸಿದ್ದ ಕಿವಿಯ ಮುಚ್ಚಳ ತೆಗೆದಿಟ್ಟಳು. ಕಣ್ಣು ಮುಚ್ಚಿ ಕೊಡವರ ದೇವರು ಇಗ್ಗುತಪ್ಪನನ್ನು, ಮನೆತನದ ಮೂಲಪುರುಷ ಕಾರಣವನನ್ನು ನೆನೆದಳು. ಎದುರಿನ ಮಣ್ಣಿನ ದಿಬ್ಬಕ್ಕೆ ಗುರಿ ಹಿಡಿದು ಕೋವಿಯ ಕುದುರೆ ಎಳೆದಳು.

ಯಾರೋ ಕೆಮ್ಮಿದಷ್ಟೇ ಸದ್ದು.

ಉದ್ದನೆಯ ಸೈಲೆನ್ಸರ್ ನಳಿಗೆಯ ತುದಿಯಲ್ಲೇ ಇತ್ತು. ಅವಳಿಗೆ ಅದರ ನೆನಪೇ ಇರಲಿಲ್ಲ. ಬರಿಗೈಯಲ್ಲಿ ತಿರುಗಿಸಿ ತೆಗೆದಳು. ಐದು ಗುಂಡು ಉಂಡ ಲೋಹ ಅಂಗೈ ಸುಟ್ಟಿತು. ಮತ್ತೆ ಕೋವಿ ಎತ್ತಿದಳು.

ಈ ಸಲ ಸದ್ದು ಮಂಜನ್ನು ಸೀಳಿಕೊಂಡು ಹೊಲ ದಾಟಿ, ಕಾಡಿಗೆ ಬಡಿದು ಹಿಂದಿರುಗಿ ಬಂತು. ನಾಯಿಗಳು ಬೊಗಳಿದವು. ಬಳಿಕ ಎಲ್ಲವೂ ನಿಂತಿತು.

ಆ ಮೌನದಲ್ಲೇ ಅವಳಿಗೆ ತಾನು ಮಾಡಿದ್ದೇನೆಂದು ಅರಿವಾಯಿತು. ಕೇಳಿದ್ದು ಒಂದೇ ಗುಂಡು. ಅಪ್ಪನ ಹೆಣ ಮನೆಯಲ್ಲಿರುವಾಗ ಮಗಳು ಲೋಕಕ್ಕೆ ಹುಟ್ಟಿನ ಸುದ್ದಿ ಸಾರಿದ್ದಳು. ಜೇಬು ತಡಕಿದಳು, ಪೆಟ್ಟಿಗೆ ಅಲ್ಲಾಡಿಸಿದಳು. ತೋಟೆ ಒಂದೂ ಇರಲಿಲ್ಲ.

ಬಿರ್ಗಿಟ್ಟಾ ಬಿರಬಿರನೆ ಹೊರಬಂದಳು. "ಏನು ಮಾಡಿದೆ ನೀನು? ಆಗಲೇ ಹೇಳಿದ್ದೆ."

"ಅವರಪ್ಪ ತೀರ್ಕೊಂಡ್ರು. ಈಗಷ್ಟೇ ಫೋನ್ ಬಂತು" ಎಂದ ಗೋಪೀನಾಥ.

ಪಾವನಾ ಸ್ವೀಡಿಷ್‌ನಲ್ಲಿ ಹುಡುಕಿ ಹುಡುಕಿ ಹೇಳಿದಳು. "ನಮ್ಮಲ್ಲಿ ಎರಡು. ಎರಡು ಕೇಳಿಸ್ಬೇಕು. ಒಂದು ಅಂದ್ರೆ ಮಗು ಹುಟ್ಟಿದೆ ಅಂತ. ನಾನು ಒಂದರಲ್ಲಿ ಬಿಡೋ ಹಾಗಿಲ್ಲ, ಬಿರ್ಗಿಟ್ಟಾ."

ಮುದುಕಿ ಅವಳ ಸುಟ್ಟ ಅಂಗೈ ನೋಡಿದಳು. ಮನೆಗಳ ಕಡೆಗೊಮ್ಮೆ ತಿರುಗಿದಳು. ಇಬ್ಬರ ಕೋವಿಯೂ ಒಂದೇ ಅಳತೆಯದು. ಕೋಟಿನ ಜೇಬಿನಿಂದ ಒಂದು ತೋಟೆ ತೆಗೆದು ಪಾವನಾಳ ಕೈಗಿಟ್ಟಳು. ತಾನೂ ಕಿವಿಯ ಮುಚ್ಚಳ ಕಳಚಿ ಪಕ್ಕಕ್ಕೆ ನಿಂತಳು. ಗೋಪೀನಾಥ ಕಾಫಿ ಕೆಳಗಿಟ್ಟು, ಏನು ಮಾಡಬೇಕೆಂದು ತಿಳಿಯದೆ, ಚಪ್ಪಲಿ ಬಿಡುವವನಂತೆ ಬೂಟು ಕಳಚಿ ನಿಂತ.

ಎರಡನೆಯ ಗುಂಡಿನ ಸದ್ದು ಹೊಲದ ಮೇಲೆ ಹೋಯಿತು. ಅದು ಕಾಡಿನಲ್ಲಿ ಕರಗುವ ತನಕ ಮೂವರೂ ಅಲುಗಲಿಲ್ಲ. ಆಮೇಲೆ ಪಾವನಾ ತಂಪು ಹುಲ್ಲಿನ ಮೇಲೆ ಕೂತು ಅತ್ತಳು.

ಬಿರ್ಗಿಟ್ಟಾಳ ಫೋನು ಬಡಿದುಕೊಂಡಿತು. ಸುತ್ತಲ ಮನೆಯವರೊಬ್ಬರು; ದನಿ ಸಿಟ್ಟಿನದು, ದೂರಕ್ಕೂ ಕೇಳುತ್ತಿತ್ತು.

"ಹೌದು, ಇಲ್ಲಿಂದಲೇ" ಎಂದಳು ಬಿರ್ಗಿಟ್ಟಾ. "ಹೌದು, ಎರಡು. ಒಬ್ಬರು ತೀರಿಹೋಗಿದ್ದಾರೆ. ಅವರ ಮಗಳು ಹಾರಿಸಿದಳು."

ಆಚೆಯ ದನಿ ತಗ್ಗಿತು. ತೀರಿದವರ ಹೆಸರನ್ನು ಮೆಲ್ಲಗೆ ಕೇಳಿತು.

"ಕುಶಾಲಪ್ಪ" ಎಂದು ಬಿರ್ಗಿಟ್ಟಾ ಬಿಡಿಸಿ ಬಿಡಿಸಿ ಹೇಳಿದಳು. "ಹೇಳ್ತೀನಿ" ಎಂದು ಫೋನು ಇಟ್ಟಳು.

ಹೊರಡುವ ಮುಂಚೆ ಪಾವನಾ ಮೇಜಿನ ಮೇಲಿನ ಉದ್ದದ್ದನ್ನು ತೋರಿಸಿದಳು. "ನನಗೆ ಇಂಥದೇ ತರಿಸಿಕೊಡಿ. ಕಿವಿಗೆ ಒಳ್ಳೆಯದು."

ಸೋಮವಾರ ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆಯ ಮೊದಲ ದಿನ. ನಸುಕಿನಲ್ಲಿ ಕಾಡಿನ ಅಂಚಿಗೆ ತಂಡದವರೆಲ್ಲ ಸೇರಿದ್ದರು. ಪಾವನಾ ಕೋವಿ ತಂದಿರಲಿಲ್ಲ. ಹನ್ನೊಂದನೆಯ ದಿನ ತಿಥಿ ಕಳೆಯುವ ತನಕ ಮುಟ್ಟುವುದಿಲ್ಲವೆಂದಳು. ಒಬ್ಬ ಟೋಪಿ ತೆಗೆದ.

ಬಿರ್ಗಿಟ್ಟಾ ಎಲ್ಲರಿಗೂ ನಿಲ್ಲುವ ಜಾಗ ಹಂಚಿ ಮುಗಿಸುವವರೆಗೆ ಅವಳು ಕಾದಳು. ಬಳಿಕ ಹತ್ತಿರ ಹೋಗಿ, ಒಂದು ತೋಟೆಯನ್ನು ಆ ಮುದಿ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.